ಹಳಿ ಹಾಸಿದ ಮಾತ್ರಕ್ಕೆ ರೈಲು ಓಡದು: ಉಪನಗರ ರೈಲಿಗೆ ಹಳದಿ ಮಾರ್ಗದ ಪಾಠ

ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ನಮ್ಮ ಮೆಟ್ರೊ ಹಳದಿ ಮಾರ್ಗಕ್ಕೆ 2025ರ ಆಗಸ್ಟ್ 10ರಂದು ಪ್ರಧಾನಿ ನರೇಂದ್ರ ಮೋದಿ ಹಸಿರು ನಿಶಾನೆ ತೋರಿದರು. ಸುಮಾರು 19 ಕಿ.ಮೀ. ಉದ್ದ, 16 ನಿಲ್ದಾಣ, 7,160 ಕೋಟಿ ರೂಪಾಯಿಯಷ್ಟು ವೆಚ್ಚ. ಎಲೆಕ್ಟ್ರಾನಿಕ್ ಸಿಟಿಯ ಲಕ್ಷಾಂತರ ನೌಕರರು ವರ್ಷಗಳಿಂದ ಕಾದಿದ್ದ ಮಾರ್ಗವಿದು. ಆದರೆ ಮರುದಿನ ಸಾರ್ವಜನಿಕ ಸಂಚಾರ ಆರಂಭವಾದಾಗ ಓಡಿದ್ದು ಮೂರೇ ರೈಲುಗಳು. ಒಂದು ರೈಲು ಹೋದ ಮೇಲೆ ಇನ್ನೊಂದಕ್ಕೆ 25 ನಿಮಿಷ ಕಾಯಬೇಕಿತ್ತು. ಸಾವಿರಾರು ಕೋಟಿ ಸುರಿದು ಕಟ್ಟಿದ ಮಾರ್ಗದಲ್ಲಿ ಜನರಿಗೆ ಮೊದಲು ಸಿಕ್ಕಿದ್ದು ನಗರ ಸಾರಿಗೆ ಬಸ್ಸಿಗಿಂತಲೂ ವಿರಳವಾದ ಸೇವೆ.

ಮಾರ್ಗ ಸಿದ್ಧವಾಗಿರಲಿಲ್ಲವೇ ಎಂದರೆ, ಸಿದ್ಧವಾಗಿಯೇ ಇತ್ತು. ಕಂಬಗಳ ಮೇಲಿನ ಸೇತುವೆ, ಹಳಿ, ನಿಲ್ದಾಣಗಳ ಕಾಮಗಾರಿ ಬಹುಪಾಲು ಮುಗಿದು ಬಹಳ ಕಾಲವಾಗಿತ್ತು. ಇಲ್ಲದೇ ಇದ್ದದ್ದು ಅದರ ಮೇಲೆ ಓಡಬೇಕಾದ ರೈಲು. ಹೊಸೂರು ರಸ್ತೆಯ ವಾಹನ ದಟ್ಟಣೆಯಲ್ಲಿ ಸಿಲುಕಿದವರು ದಿನವೂ ತಲೆಯೆತ್ತಿ ಖಾಲಿ ಹಳಿಗಳನ್ನು ನೋಡಬೇಕಾಯಿತು.

ಈ ಪ್ರಸಂಗವನ್ನು ಹಳೆಯ ಕತೆಯೆಂದು ಬದಿಗಿಡುವಂತಿಲ್ಲ. ಇದಕ್ಕಿಂತ ಏಳೆಂಟು ಪಟ್ಟು ಉದ್ದದ ಜಾಲವೊಂದು ಅದೇ ನಗರದಲ್ಲಿ ನಿರ್ಮಾಣದ ಹಾದಿಯಲ್ಲಿದೆ. ಅದೇ 148.17 ಕಿ.ಮೀ. ಉದ್ದದ, ನಾಲ್ಕು ಮಾರ್ಗಗಳ ಬೆಂಗಳೂರು ಉಪನಗರ ರೈಲು ಯೋಜನೆ. ಭೂಸ್ವಾಧೀನ, ಗುತ್ತಿಗೆದಾರರ ಜಗಳ, ಅನುದಾನ ಇವುಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಹಳಿ ಹಾಸಿದ ಮೇಲೆ ಪ್ರಯಾಣಿಕ ಹತ್ತುವವರೆಗಿನ ಕಾಲ ಹೇಗೆ ಕಳೆಯಬೇಕು, ಅದಕ್ಕೆ ಈಗಿಂದಲೇ ಏನು ಮಾಡಬೇಕು ಎಂಬ ಚರ್ಚೆ ಮಾತ್ರ ನಡೆದಿದ್ದು ಕಡಿಮೆ. ಹಳದಿ ಮಾರ್ಗ ಎಡವಿದ್ದು ಸರಿಯಾಗಿ ಈ ಜಾಗದಲ್ಲೇ.

ಹಳಿಯ ನಂತರದ ಕೆಲಸಗಳು

ಹೊಸ ರೈಲು ಮಾರ್ಗವೊಂದನ್ನು ಸಂಚಾರಕ್ಕೆ ಅಣಿಗೊಳಿಸುವುದು ರಿಬ್ಬನ್ ಕತ್ತರಿಸುವಷ್ಟು ಸುಲಭದ ಕೆಲಸವಲ್ಲ. ಮೊದಲು ಮಾರ್ಗಕ್ಕೆ ವಿದ್ಯುತ್ ಹರಿಸಬೇಕು. ರೈಲುಗಳನ್ನು ನಿಲ್ಲಿಸಲು, ತೊಳೆಯಲು, ರಿಪೇರಿ ಮಾಡಲು ಡಿಪೊ ಬೇಕು. ಡಿಪೊ ಇಲ್ಲದಿದ್ದರೆ ಕಾರ್ಖಾನೆಯಿಂದ ಬಂದ ಬೋಗಿಗಳನ್ನು ಜೋಡಿಸಲೂ ಜಾಗವಿರುವುದಿಲ್ಲ. ಬೋಗಿಗಳು ಬಂದ ಮೇಲೆ ನಿಂತಲ್ಲೇ ಮಾಡುವ ಪರೀಕ್ಷೆಗಳು, ಅನಂತರ ಓಡಿಸಿ ಮಾಡುವ ಪರೀಕ್ಷೆಗಳು ನಡೆಯುತ್ತವೆ. ಬ್ರೇಕ್ ಹಾಕಿದಾಗ ಎಷ್ಟು ದೂರದಲ್ಲಿ ನಿಲ್ಲುತ್ತದೆ, ತಿರುವಿನಲ್ಲಿ ಹೇಗೆ ವಾಲುತ್ತದೆ, ತುಂಬಿದ ಭಾರದಲ್ಲಿ ಎಷ್ಟು ಓಲಾಡುತ್ತದೆ ಎಂಬುದನ್ನು ಅಳೆಯಲಾಗುತ್ತದೆ. ಆಸಿಲೇಷನ್ ಪರೀಕ್ಷೆ ಎಂದು ಕರೆಯುವ ಈ ಓಲಾಟದ ಪರೀಕ್ಷೆಯನ್ನು ನಡೆಸುವುದು ರೈಲ್ವೆಯ ಲಖನೌ ಮೂಲದ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ.

ಇದಾದ ಮೇಲೆ ಅತಿ ನಾಜೂಕಿನ ಹಂತ ಬರುತ್ತದೆ. ಹಳಿಯ ಬದಿಯ ಸಿಗ್ನಲ್, ರೈಲಿನೊಳಗಿನ ಕಂಪ್ಯೂಟರ್, ನಿಯಂತ್ರಣ ಕೊಠಡಿ ಮೂರೂ ಒಂದೇ ಭಾಷೆಯಲ್ಲಿ ಮಾತನಾಡಬೇಕು. ಒಂದೊಂದನ್ನೂ ಬೇರೆ ಬೇರೆ ಕಂಪನಿ ತಯಾರಿಸಿರುತ್ತದೆ. ಪ್ರತ್ಯೇಕವಾಗಿ ಎಲ್ಲವೂ ಸರಿಯಿದ್ದು, ಒಟ್ಟಿಗೆ ಸೇರಿದಾಗ ಕೆಡುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ಆ ದೋಷಗಳನ್ನು ಹುಡುಕಲು ಮಾರ್ಗದ ಮೇಲೆ ಗಂಟೆಗಟ್ಟಲೆ, ದಿನಗಟ್ಟಲೆ ಖಾಲಿ ರೈಲು ಓಡಿಸದೆ ಬೇರೆ ದಾರಿಯಿಲ್ಲ.

ಜತೆಗೆ ಮನುಷ್ಯರೂ ಸಿದ್ಧರಾಗಬೇಕು. ಚಾಲಕರು, ನಿಲ್ದಾಣ ನಿಯಂತ್ರಕರು, ಸಿಗ್ನಲ್ ಮತ್ತು ವಿದ್ಯುತ್ ನಿರ್ವಹಣೆಯ ತಂತ್ರಜ್ಞರನ್ನು ನೇಮಿಸಿ ತಿಂಗಳುಗಟ್ಟಲೆ ತರಬೇತಿ ನೀಡಬೇಕು. ಪ್ರಯಾಣಿಕರಿಲ್ಲದೆ ವೇಳಾಪಟ್ಟಿಯಂತೆ ರೈಲು ಓಡಿಸಿ, ಬೆಂಕಿ, ವಿದ್ಯುತ್ ಕಡಿತ, ಬಾಗಿಲು ತೆರೆಯದಿರುವುದು ಮೊದಲಾದ ಸಂದರ್ಭಗಳ ಅಣಕು ಕಾರ್ಯಾಚರಣೆ ನಡೆಸಬೇಕು.

ಕಡೆಗೆ ಬರುವುದು ಕಾನೂನಿನ ಬಾಗಿಲು. ಮೆಟ್ರೊ ಮಾರ್ಗಗಳಿಗೆ ಮೆಟ್ರೊ ರೈಲು ಸುರಕ್ಷತಾ ಆಯುಕ್ತರ ಪರಿಶೀಲನೆ, ಸಾಮಾನ್ಯ ರೈಲು ಮಾರ್ಗಗಳಿಗೆ 1989ರ ರೈಲ್ವೆ ಕಾಯ್ದೆಯಂತೆ ರೈಲ್ವೆ ಸುರಕ್ಷತಾ ಆಯುಕ್ತರ ಪರಿಶೀಲನೆ ಕಡ್ಡಾಯ. ಈ ಆಯುಕ್ತರು ರೈಲ್ವೆ ಇಲಾಖೆಯ ಅಧೀನದಲ್ಲಿಲ್ಲ. ನಾಗರಿಕ ವಿಮಾನಯಾನ ಸಚಿವಾಲಯದ ಅಡಿ ಬರುತ್ತಾರೆ. ಮಾರ್ಗ ಕಟ್ಟಿದವರೇ ಅದನ್ನು ಸುರಕ್ಷಿತವೆಂದು ಘೋಷಿಸಿಕೊಳ್ಳಬಾರದೆಂಬುದು ಇದರ ಹಿಂದಿನ ವಿವೇಕ. ರಾಜಕಾರಣಿಗಳು ಎಷ್ಟೇ ಅವಸರ ಮಾಡಿದರೂ ಈ ಹಂತವನ್ನು ಹಾರಿಸಿ ಮುಂದೆ ಹೋಗುವಂತಿಲ್ಲ, ಹೋಗಲೂ ಬಾರದು.

ಹಳದಿ ಮಾರ್ಗದಲ್ಲಿ ಆಗಿದ್ದೇನು?

ಹಳದಿ ಮಾರ್ಗದ ರೈಲುಗಳ ಕತೆ ಆರಂಭವಾಗುವುದು 2019ರ ಡಿಸೆಂಬರ್‌ನಲ್ಲಿ. 216 ಬೋಗಿಗಳ ಪೂರೈಕೆಗೆ ಚೀನಾದ ಸಿಆರ್‌ಆರ್‌ಸಿ ಕಂಪನಿಯೊಂದಿಗೆ 1,578 ಕೋಟಿ ರೂಪಾಯಿಯ ಒಪ್ಪಂದವಾಯಿತು. ಬಹುಪಾಲು ಬೋಗಿಗಳನ್ನು ಭಾರತದಲ್ಲೇ ತಯಾರಿಸಬೇಕೆಂಬ ಷರತ್ತಿತ್ತು. ಮರುವರ್ಷವೇ ಕೋವಿಡ್ ಬಂತು. ಗಡಿ ಸಂಘರ್ಷದ ಬಳಿಕ ಚೀನಾದ ಹೂಡಿಕೆಯ ಮೇಲೆ ಕೇಂದ್ರದ ನಿರ್ಬಂಧಗಳು ಬಿಗಿಯಾದವು. ಕಂಪನಿ ಇಲ್ಲಿ ಕಾರ್ಖಾನೆ ತೆರೆಯಲಿಲ್ಲ. ಮೆಟ್ರೊ ನಿಗಮ ನೋಟಿಸುಗಳನ್ನು ನೀಡಿತು. ಕೊನೆಗೆ ಕೋಲ್ಕತ್ತದ ಟೀಟಾಗಢ್ ಕಂಪನಿ ಜತೆಗೂಡಿ ಬೋಗಿ ತಯಾರಿಕೆಯ ಹೊಣೆ ಹೊತ್ತಿತು.

ಮೊದಲ ಮಾದರಿ ರೈಲು ಚೀನಾದಿಂದ ಹೆಬ್ಬಗೋಡಿ ಡಿಪೊಗೆ ಬಂದು ತಲುಪಿದ್ದು 2024ರ ಫೆಬ್ರುವರಿಯಲ್ಲಿ, ಅಂದರೆ ಒಪ್ಪಂದವಾಗಿ ಸರಿಸುಮಾರು 50 ತಿಂಗಳ ನಂತರ. ಟೀಟಾಗಢ್ ತಯಾರಿಸಿದ ಮೊದಲ ರೈಲು ಬಂದದ್ದು ಅದಕ್ಕೂ ಒಂದು ವರ್ಷ ತಡವಾಗಿ, 2025ರ ಆರಂಭದಲ್ಲಿ. ಹೊಸ ವಿನ್ಯಾಸದ ರೈಲು, ಚಾಲಕರಿಲ್ಲದೆಯೂ ಓಡಬಲ್ಲ ಹೊಸ ಸಿಗ್ನಲ್ ವ್ಯವಸ್ಥೆ. ಹೀಗಾಗಿ ಪರೀಕ್ಷೆಗಳ ಪಟ್ಟಿಯೂ ಉದ್ದವಿತ್ತು. ಸುರಕ್ಷತಾ ಆಯುಕ್ತರ ಅಂತಿಮ ಪರಿಶೀಲನೆ ನಡೆದದ್ದು 2025ರ ಜುಲೈ ಕೊನೆಯ ಭಾಗದಲ್ಲಿ. ಮಾದರಿ ರೈಲು ಬಂದಂದಿನಿಂದ ಪ್ರಯಾಣಿಕ ಹತ್ತುವವರೆಗೆ 18 ತಿಂಗಳು ಹಿಡಿಯಿತು.

ಉದ್ಘಾಟನೆಯ ನಂತರವೂ ಕಾಯುವಿಕೆ ಮುಗಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ನಾಲ್ಕನೇ ರೈಲು ಸೇರಿ ಅಂತರ 19 ನಿಮಿಷಕ್ಕೆ ಇಳಿಯಿತು. ನವೆಂಬರ್ 1ರಿಂದ ಐದನೇ ರೈಲು ಸೇರಿ 15 ನಿಮಿಷವಾಯಿತು. ಈ ಮಾರ್ಗಕ್ಕೆಂದು ಯೋಜಿಸಿದ್ದು 15 ರೈಲುಗಳು. ಮೂರರಿಂದ ಆರಂಭಿಸಿದ್ದು ತಪ್ಪೆಂದೇನೂ ಹೇಳಲಾಗದು. ಇನ್ನೂ ಕಾಯುವುದಕ್ಕಿಂತ ಅದೇ ವಾಸಿ ಎಂಬ ಸಾರ್ವಜನಿಕ ಒತ್ತಡವೂ ಇತ್ತು. ಆದರೆ ಆ ಸಂಕಟದ ಆಯ್ಕೆ ಎದುರಾದದ್ದೇ ರೈಲಿನ ಲೆಕ್ಕ ಮತ್ತು ಹಳಿಯ ಲೆಕ್ಕ ಒಂದಕ್ಕೊಂದು ಹೊಂದದ ಕಾರಣಕ್ಕೆ.

ದೆಹಲಿ–ಮೀರತ್‌ನ ಇನ್ನೊಂದು ದಾರಿ

ಇದೇ ಅವಧಿಯಲ್ಲಿ ದೇಶದ ಇನ್ನೊಂದೆಡೆ ನಡೆದದ್ದನ್ನು ಪಕ್ಕಕ್ಕಿಟ್ಟು ನೋಡುವುದು ಉಪಯುಕ್ತ. ದೆಹಲಿಯನ್ನು ಉತ್ತರಪ್ರದೇಶದ ಮೀರತ್‌ಗೆ ಜೋಡಿಸುವ ಸುಮಾರು 82 ಕಿ.ಮೀ. ಉದ್ದದ ಪ್ರಾದೇಶಿಕ ತ್ವರಿತ ರೈಲು ಮಾರ್ಗಕ್ಕೆ 2019ರ ಮಾರ್ಚ್ 8ರಂದು ಶಂಕುಸ್ಥಾಪನೆಯಾಯಿತು. 'ನಮೋ ಭಾರತ್' ಎಂಬ ಹೆಸರಿನಲ್ಲಿ ಇಲ್ಲಿ ಓಡುವ ರೈಲುಗಳ ತಯಾರಿಕೆಯ ಗುತ್ತಿಗೆಯನ್ನು 2020ರ ಮೇ ತಿಂಗಳಲ್ಲೇ ನೀಡಲಾಯಿತು. ಒಟ್ಟು 210 ಬೋಗಿಗಳು, ತಯಾರಿಕೆ ಗುಜರಾತಿನ ಸಾವ್ಲಿಯಲ್ಲಿ. ಮೊದಲ ರೈಲು ಹಸ್ತಾಂತರವಾದದ್ದು 2022ರ ಮೇ 7ರಂದು. ಸಾಹಿಬಾಬಾದ್‌ನಿಂದ ದುಹೈ ಡಿಪೊವರೆಗಿನ ಮೊದಲ 17 ಕಿ.ಮೀ. ಭಾಗ ಉದ್ಘಾಟನೆಯಾದದ್ದು 2023ರ ಅಕ್ಟೋಬರ್ 20ರಂದು.

ಲೆಕ್ಕ ಹಾಕಿದರೆ ಇಲ್ಲಿಯೂ ಮೊದಲ ರೈಲಿನಿಂದ ಮೊದಲ ಪ್ರಯಾಣಿಕನವರೆಗೆ ಸುಮಾರು 17 ತಿಂಗಳಾಗಿದೆ. ಹಳದಿ ಮಾರ್ಗದ 18 ತಿಂಗಳಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಚೆನ್ನಾಗಿ ನಡೆದ ಯೋಜನೆಗೂ ಎಡವಿದ ಯೋಜನೆಗೂ ಹೆಚ್ಚುಕಡಿಮೆ ಅಷ್ಟೇ ಕಾಲ! ಹಾಗಾದರೆ ವ್ಯತ್ಯಾಸವೆಲ್ಲಿ? ಉತ್ತರಪ್ರದೇಶದಲ್ಲಿ ಆ 17 ತಿಂಗಳು ಕಾಮಗಾರಿಯ ಜತೆಜತೆಗೇ ಕಳೆಯಿತು. ಒಂದು ಕಡೆ ಹಳಿ, ನಿಲ್ದಾಣಗಳ ಕೆಲಸ ಮುಗಿಯುತ್ತಿದ್ದಾಗ ಇನ್ನೊಂದು ಕಡೆ ರೈಲಿನ ಪರೀಕ್ಷೆ ನಡೆಯುತ್ತಿತ್ತು. ಬೆಂಗಳೂರಿನಲ್ಲಿ ಅದೇ ಕಾಲ ಕಾಮಗಾರಿ ಮುಗಿದ ಮೇಲೆ ಹೆಚ್ಚುವರಿಯಾಗಿ ಸೇರಿಕೊಂಡಿತು. ಪರೀಕ್ಷೆಗೆ ಬೇಕಾದ ಕಾಲವನ್ನು ಯಾರೂ ತಪ್ಪಿಸಲಾರರು. ಅದನ್ನು ಎಲ್ಲಿ ಇಡಬೇಕೆಂಬುದು ಮಾತ್ರ ಯೋಜಕರ ಕೈಯಲ್ಲಿದೆ.

ಇನ್ನೆರಡು ಸಂಗತಿಗಳು ಗಮನಾರ್ಹ. ಮೊದಲು ತೆರೆಯಬೇಕಾದ ಭಾಗವನ್ನು ಆರಿಸುವಾಗ ಡಿಪೊ ಆ ಭಾಗದಲ್ಲೇ ಇರುವಂತೆ ನೋಡಿಕೊಳ್ಳಲಾಯಿತು. ಹೀಗಾಗಿ ಉಳಿದ 65 ಕಿ.ಮೀ. ಕಟ್ಟುವ ಮುನ್ನವೇ ರೈಲು, ಸಿಗ್ನಲ್, ಸಿಬ್ಬಂದಿ ಎಲ್ಲವೂ ಒರೆಗೆ ಹಚ್ಚಿಸಿಕೊಂಡವು. ಎರಡನೆಯದಾಗಿ, ಸಂಚಾರ ನಿರ್ವಹಣೆಯ ಹೊಣೆಯನ್ನು ಜರ್ಮನಿಯ ಡಾಯ್ಚ ಬಾನ್ ಸಮೂಹದ ಭಾರತೀಯ ಅಂಗಸಂಸ್ಥೆಗೆ 2022ರ ಜುಲೈನಲ್ಲೇ ವಹಿಸಲಾಯಿತು. ಉದ್ಘಾಟನೆಗೆ ಇನ್ನೂ 15 ತಿಂಗಳಿತ್ತು. ರೈಲು ಓಡಿಸುವವರು ರೈಲು ಪರೀಕ್ಷಿಸುವ ಕಾಲದಲ್ಲೇ ಕೆಲಸಕ್ಕಿಳಿದಿದ್ದರು.

ಅಲ್ಲಿ ಎಲ್ಲವೂ ಸೊಗಸಾಗಿತ್ತೆಂದಲ್ಲ. ಮೊದಲ 17 ಕಿ.ಮೀ. ಭಾಗ ದೆಹಲಿಯನ್ನೂ ಮುಟ್ಟುತ್ತಿರಲಿಲ್ಲ, ಮೀರತ್‌ ಅನ್ನೂ ಮುಟ್ಟುತ್ತಿರಲಿಲ್ಲ. ಪ್ರಯಾಣಿಕರ ಸಂಖ್ಯೆ ಆರಂಭದಲ್ಲಿ ಸಾಧಾರಣವಾಗಿಯೇ ಇತ್ತು. ಟೀಕೆಗಳೂ ಬಂದವು. ಆದರೆ 2024ರ ಮಾರ್ಚ್‌ನಲ್ಲಿ ಮೋದಿನಗರ ಉತ್ತರದವರೆಗೆ, ಆಗಸ್ಟ್‌ನಲ್ಲಿ ಮೀರತ್ ದಕ್ಷಿಣದವರೆಗೆ, 2025ರ ಜನವರಿ 5ರಂದು ದೆಹಲಿಯ ನ್ಯೂ ಅಶೋಕ್ ನಗರದವರೆಗೆ ಮಾರ್ಗ ವಿಸ್ತರಣೆಯಾದಾಗ ಪ್ರತಿ ಸಲವೂ ಹೊಸದಾಗಿ ಪರೀಕ್ಷಿಸಬೇಕಾದದ್ದು ಹೊಸ ಹಳಿಯನ್ನಷ್ಟೇ. ರೈಲು ಆಗಲೇ ಪಳಗಿತ್ತು.

ಲಂಡನ್ ಕಲಿತ ದುಬಾರಿ ಪಾಠ

ಕೊನೆಯ ಹಂತವನ್ನು ಹಗುರವಾಗಿ ಕಂಡರೆ ಏನಾಗುತ್ತದೆಂಬುದಕ್ಕೆ ಶ್ರೀಮಂತ ದೇಶಗಳೂ ಹೊರತಲ್ಲ. ಲಂಡನ್ ನಗರದ ಪೂರ್ವ ಮತ್ತು ಪಶ್ಚಿಮದ ಉಪನಗರಗಳನ್ನು ನಗರದಡಿಯ ಸುರಂಗದ ಮೂಲಕ ಬೆಸೆಯುವ ಎಲಿಜಬೆತ್ ಮಾರ್ಗ 2018ರ ಡಿಸೆಂಬರ್‌ನಲ್ಲಿ ತೆರೆಯಬೇಕಿತ್ತು. ಸುರಂಗ ಕೊರೆಯುವ ಕಷ್ಟದ ಕೆಲಸ ಮುಗಿದು ವರ್ಷಗಳಾಗಿದ್ದವು. ಆದರೆ ಉದ್ಘಾಟನೆಗೆ ಮೂರು ತಿಂಗಳಷ್ಟೇ ಉಳಿದಿದ್ದಾಗ, 2018ರ ಆಗಸ್ಟ್ 31ರಂದು, ಮಾರ್ಗ ಸಿದ್ಧವಿಲ್ಲವೆಂದು ಘೋಷಿಸಲಾಯಿತು. ನಿಜವಾಗಿ ಪ್ರಯಾಣಿಕರು ಹತ್ತಿದ್ದು 2022ರ ಮೇ 24ರಂದು, ಮೂರೂವರೆ ವರ್ಷ ತಡವಾಗಿ. ಆಗಲೂ ಬಾಂಡ್ ಸ್ಟ್ರೀಟ್ ನಿಲ್ದಾಣದ ಬಾಗಿಲು ಮುಚ್ಚಿಯೇ ಇತ್ತು. ಅದು ತೆರೆದದ್ದು ಅಕ್ಟೋಬರ್‌ನಲ್ಲಿ.

ಕಾರಣಗಳು ಹಲವು. ಮುಖ್ಯವಾದವು ನಿಲ್ದಾಣಗಳೊಳಗಿನ ಅಪೂರ್ಣ ಕೆಲಸ ಮತ್ತು ಸಿಗ್ನಲ್ ವ್ಯವಸ್ಥೆಗಳ ಹೊಂದಾಣಿಕೆ. ಹೊಸ ಸುರಂಗದಲ್ಲಿ ಒಂದು ಬಗೆಯ ಸಿಗ್ನಲ್, ಪೂರ್ವ ಮತ್ತು ಪಶ್ಚಿಮದ ಹಳೆಯ ಮಾರ್ಗಗಳಲ್ಲಿ ಬೇರೆ ಬೇರೆ ಬಗೆಯದು. ಒಂದೇ ರೈಲು ಓಡುತ್ತಲೇ ಒಂದರಿಂದ ಇನ್ನೊಂದಕ್ಕೆ ಬದಲಾಗಬೇಕಿತ್ತು. ಅದರ ತಂತ್ರಾಂಶ ಪಕ್ವವಾಗುವಷ್ಟರಲ್ಲಿ ವರ್ಷಗಳೇ ಉರುಳಿದವು. ಮಾರ್ಗದ ಮೇಲೆ ಪರೀಕ್ಷೆಗೆ ಸಿಗಬೇಕಾದ ಸಮಯವನ್ನು ತಡವಾದ ಕಾಮಗಾರಿ ನುಂಗಿಹಾಕಿತ್ತು. ಉದ್ಘಾಟನೆಯ ದಿನಾಂಕ ಮಾತ್ರ ಅಲುಗಾಡದೆ ನಿಂತಿತ್ತು. ನಡುವಿನ ಪರೀಕ್ಷೆಯ ಅವಧಿಯನ್ನೇ ಒತ್ತಿ ಒತ್ತಿ ಕುಗ್ಗಿಸಿದ ಪರಿಣಾಮ ಇದು.

ಆದರೆ ಅದೇ ಯೋಜನೆಯಲ್ಲಿ ಒಂದು ಜಾಣತನವೂ ಇತ್ತು. 2014ರಲ್ಲಿ ಗುತ್ತಿಗೆ ನೀಡಿದ ರೈಲುಗಳನ್ನು ಸುರಂಗ ಸಿದ್ಧವಾಗುವವರೆಗೆ ಕಾಯದೆ, 2017ರ ಜೂನ್‌ನಿಂದಲೇ ಪೂರ್ವದ ಹಳೆಯ ಉಪನಗರ ಮಾರ್ಗದಲ್ಲಿ ಪ್ರಯಾಣಿಕರೊಂದಿಗೆ ಓಡಿಸಲಾಯಿತು. ರೈಲಿನ ಯಾಂತ್ರಿಕ ದೋಷಗಳು ಅಲ್ಲಿ ಬಯಲಾದವು, ಚಾಲಕರ ಕೈ ಪಳಗಿತು. ಈ ಸಂಗತಿ ಬೆಂಗಳೂರಿಗೆ ಬಹಳ ಪ್ರಸ್ತುತ.

ಉಪನಗರ ರೈಲಿನ ಗಡಿಯಾರ

ಈಗ ಬೆಂಗಳೂರಿನ ಉಪನಗರ ರೈಲಿನತ್ತ ಬರೋಣ. ದಶಕಗಳ ಬೇಡಿಕೆಯ ಈ ಯೋಜನೆ 2018ರ ಕೇಂದ್ರ ಬಜೆಟ್‌ನಲ್ಲಿ ಕಾಣಿಸಿಕೊಂಡಿತು. 15,767 ಕೋಟಿ ರೂಪಾಯಿ ವೆಚ್ಚದ ಯೋಜನೆಗೆ ಕೇಂದ್ರ ಸಂಪುಟ 2020ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯದ ಜಂಟಿ ಸಂಸ್ಥೆ ಕೆ-ರೈಡ್ ಇದರ ಹೊಣೆ ಹೊತ್ತಿದೆ. ಕೆಎಸ್‌ಆರ್ ಬೆಂಗಳೂರು–ದೇವನಹಳ್ಳಿ ನಡುವಿನ 'ಸಂಪಿಗೆ', ಬೈಯಪ್ಪನಹಳ್ಳಿ–ಚಿಕ್ಕಬಾಣಾವರದ 'ಮಲ್ಲಿಗೆ', ಕೆಂಗೇರಿ–ವೈಟ್‌ಫೀಲ್ಡ್‌ನ 'ಪಾರಿಜಾತ', ಹೀಲಳಿಗೆ–ರಾಜಾನುಕುಂಟೆಯ 'ಕನಕ' ಎಂದು ನಾಲ್ಕು ಮಾರ್ಗಗಳಿಗೆ ಹೂವಿನ ಹೆಸರುಗಳನ್ನಿಡಲಾಗಿದೆ.

2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ನೆರವೇರಿಸಿದಾಗ 40 ತಿಂಗಳ ಗಡುವನ್ನು ಘೋಷಿಸಲಾಗಿತ್ತು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಸಂದವು. ಒಂದು ರೈಲೂ ಓಡಲಿಲ್ಲ. ಅಷ್ಟೇ ಅಲ್ಲ, ಮಲ್ಲಿಗೆ ಮತ್ತು ಕನಕ ಮಾರ್ಗಗಳ ಕಾಮಗಾರಿ ವಹಿಸಿಕೊಂಡಿದ್ದ ಎಲ್ ಆ್ಯಂಡ್ ಟಿ ಕಂಪನಿ ಅದೇ ವರ್ಷದ ಮಧ್ಯದಲ್ಲಿ, ಸಕಾಲಕ್ಕೆ ಜಾಗ ಸಿಗದ ಕಾರಣ ಮುಂದಿಟ್ಟು, ಒಪ್ಪಂದದಿಂದ ಹೊರನಡೆಯಿತು. ಕಾಮಗಾರಿಗೆ ಮತ್ತೆ ಟೆಂಡರ್ ಕರೆಯಬೇಕಾದ ಸ್ಥಿತಿ ಬಂತು.

ಸಾರ್ವಜನಿಕರ ಕಣ್ಣು ಸಹಜವಾಗಿಯೇ ಕಂಬ, ಸೇತುವೆ, ಭೂಮಿಯ ಮೇಲಿದೆ. ಆದರೆ ಸದ್ದಿಲ್ಲದೆ ತಡವಾದದ್ದು ಬೋಗಿಗಳ ಖರೀದಿ. ಖಾಸಗಿ ಕಂಪನಿಯೊಂದು ಬೋಗಿಗಳನ್ನು ತಂದು ನಿರ್ವಹಿಸಿ, ಅದಕ್ಕೆ ವರ್ಷ ವರ್ಷ ಹಣ ಪಡೆಯುವ ಸಹಭಾಗಿತ್ವದ ಮಾದರಿಯನ್ನು ಮೊದಲು ಪ್ರಯತ್ನಿಸಲಾಯಿತು. ಅದು ಕೈಗೂಡಲಿಲ್ಲ. ನೇರ ಖರೀದಿಯ ದಾರಿ ಹಿಡಿಯುವಷ್ಟರಲ್ಲಿ ಅಮೂಲ್ಯ ಕಾಲ ಕಳೆದಿತ್ತು. ಶಂಕುಸ್ಥಾಪನೆಯಾಗಿ ಮೂರು ವರ್ಷ ತುಂಬಿದ 2025ರ ಜೂನ್ ವೇಳೆಗೂ ಬೋಗಿ ಪೂರೈಕೆಯ ಗುತ್ತಿಗೆ ಯಾರ ಪಾಲಾಗಿಯೂ ಇರಲಿಲ್ಲ. ದೆಹಲಿ–ಮೀರತ್ ಮಾರ್ಗದಲ್ಲಿ ಅದೇ ಗುತ್ತಿಗೆ ಶಂಕುಸ್ಥಾಪನೆಯಾದ 14 ತಿಂಗಳಿಗೆ ಇತ್ಯರ್ಥವಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಈಗ ಒಂದು ಸರಳ ಲೆಕ್ಕ. ದೆಹಲಿ–ಮೀರತ್‌ನಲ್ಲಿ ಬೋಗಿಗಳ ಗುತ್ತಿಗೆಯಿಂದ ಮೊದಲ ಪ್ರಯಾಣಿಕನವರೆಗೆ 41 ತಿಂಗಳು ಹಿಡಿಯಿತು. ಲಂಡನ್‌ನ ಹೊಸ ರೈಲುಗಳು ಗುತ್ತಿಗೆಯಾದ 40 ತಿಂಗಳಿಗೆ, ಅದೂ ಹಳೆಯ ಹಳಿಯ ಮೇಲೆ, ಪ್ರಯಾಣಿಕರನ್ನು ಹತ್ತಿಸಿಕೊಂಡವು. ಹಳದಿ ಮಾರ್ಗಕ್ಕೆ 68 ತಿಂಗಳು ಬೇಕಾಯಿತು. ಅಂದರೆ ಎಲ್ಲವೂ ಸುಗಮವಾಗಿ ನಡೆದರೂ ರೈಲು ತರಿಸಿ, ಪಳಗಿಸಿ, ಓಡಿಸಲು ಮೂರೂವರೆ ವರ್ಷ ಬೇಕು. ಉಪನಗರ ಯೋಜನೆಗೆ ಘೋಷಿಸಿದ್ದ ಒಟ್ಟು ಗಡುವೇ 40 ತಿಂಗಳು! ಶಂಕುಸ್ಥಾಪನೆಯ ದಿನವೇ ಬೋಗಿಗಳಿಗೆ ಸಹಿ ಬಿದ್ದಿದ್ದರೆ ಮಾತ್ರ ಆ ಗಡುವಿಗೆ ಅರ್ಥವಿರುತ್ತಿತ್ತು. ಮುಂದೆ ಯಾವುದೇ ಹೊಸ ಗಡುವು ಘೋಷಣೆಯಾದಾಗಲೂ ನಾಗರಿಕರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬೋಗಿಗಳ ಒಪ್ಪಂದಕ್ಕೆ ಸಹಿ ಬಿದ್ದ ದಿನ ಯಾವುದು? ಅಲ್ಲಿಂದ ಮೂರೂವರೆ ವರ್ಷ ಎಣಿಸಿದರೆ ನಂಬಬಹುದಾದ ದಿನಾಂಕ ಸಿಗುತ್ತದೆ.

ಮೊದಲೇ ಕೊಂಡರೆ ನಷ್ಟವೇ?

ಇದಕ್ಕೊಂದು ಎದುರುವಾದವಿದೆ. ಹಳಿಯೇ ಇಲ್ಲದಾಗ ರೈಲು ಕೊಂಡು ಏನು ಮಾಡುವುದು? ನೂರಾರು ಬೋಗಿಗಳು ಡಿಪೊದಲ್ಲಿ ತುಕ್ಕು ಹಿಡಿಯುತ್ತವೆ, ತಯಾರಕರ ಖಾತರಿ ಅವಧಿ ಓಡಿಸದೆಯೇ ಮುಗಿಯುತ್ತದೆ, ಸಾಲದ ಬಡ್ಡಿ ಏರುತ್ತದೆ. ಭೂಮಿಯೇ ಕೈಸೇರದ ಯೋಜನೆಯಲ್ಲಿ ಈ ಆತಂಕ ನಿರಾಧಾರವಲ್ಲ.

ಆದರೆ ಎಲ್ಲ ಬೋಗಿಗಳನ್ನೂ ಒಮ್ಮೆಲೇ ತರಿಸಬೇಕೆಂದು ಯಾರೂ ಹೇಳುವುದಿಲ್ಲ. ಮೊದಲು ಬೇಕಾದದ್ದು ಒಂದೆರಡು ಮಾದರಿ ರೈಲುಗಳು. ವಿನ್ಯಾಸದ ಒಪ್ಪಿಗೆ, ಓಲಾಟದ ಪರೀಕ್ಷೆ, ಸಿಗ್ನಲ್ ಹೊಂದಾಣಿಕೆ ಎಲ್ಲವೂ ನಡೆಯುವುದು ಅವುಗಳ ಮೇಲೆಯೇ. ಉಳಿದವನ್ನು ಮಾರ್ಗ ತೆರೆಯುವ ವೇಗಕ್ಕೆ ತಕ್ಕಂತೆ ಹಂತ ಹಂತವಾಗಿ ಪಡೆಯುವಂತೆ ಒಪ್ಪಂದ ರೂಪಿಸಬಹುದು. ಇದಕ್ಕಿಂತ ಮುಖ್ಯವಾದ ಅನುಕೂಲವೊಂದು ಉಪನಗರ ಯೋಜನೆಗಿದೆ. ಮೆಟ್ರೊ ಓಡುವುದು ಸ್ಟ್ಯಾಂಡರ್ಡ್‌ಗೇಜ್‌ನಲ್ಲಿ. ಹಳದಿ ಮಾರ್ಗದ ರೈಲು ಬೇರೆಲ್ಲೂ ಓಡುವಂತಿರಲಿಲ್ಲ. ಉಪನಗರ ರೈಲು ಓಡುವುದು ಭಾರತೀಯ ರೈಲ್ವೆಯ ಬ್ರಾಡ್‌ಗೇಜ್‌ನಲ್ಲೇ. ಪ್ಲಾಟ್‌ಫಾರಂ ಎತ್ತರ ಮತ್ತು ಸಿಗ್ನಲ್ ಹೊಂದುವಂತೆ ಮೊದಲೇ ಎಚ್ಚರ ವಹಿಸಿದರೆ, ಮಾದರಿ ರೈಲುಗಳನ್ನು ನೈಋತ್ಯ ರೈಲ್ವೆಯ ಈಗಿನ ಹಳಿಗಳ ಮೇಲೆಯೇ ಓಡಿಸಿ ನೋಡಬಹುದು. ಲಂಡನ್ ಮಾಡಿದ್ದು ಇದನ್ನೇ.

ಮೊದಲು ತೆರೆಯುವ ಭಾಗದ ಆಯ್ಕೆಯಲ್ಲೂ ಡಿಪೊ ನಿರ್ಣಾಯಕ. ಯೋಜನೆಯ ಎರಡು ಡಿಪೊಗಳು ಸೋಲದೇವನಹಳ್ಳಿ ಮತ್ತು ದೇವನಹಳ್ಳಿ ಬಳಿಯ ಅಕ್ಕುಪೇಟೆಗೆ ನಿಗದಿಯಾಗಿವೆ. ಸೋಲದೇವನಹಳ್ಳಿ ಇರುವುದು ಮಲ್ಲಿಗೆ ಮಾರ್ಗದ ತುದಿಯಾದ ಚಿಕ್ಕಬಾಣಾವರದ ಆಚೆ ಬದಿಗೆ. ಆದ್ದರಿಂದ ಚಿಕ್ಕಬಾಣಾವರ–ಯಶವಂತಪುರ ಭಾಗವನ್ನು ಮೊದಲು ತೆರೆಯುವುದು ತಾಂತ್ರಿಕವಾಗಿ ಸಮಂಜಸ. ಹಸಿರು ಮಾರ್ಗದ ಮೆಟ್ರೊ ಯಶವಂತಪುರದಲ್ಲೇ ಸಿಗುವುದರಿಂದ ಆ ತುಂಡು ಮಾರ್ಗಕ್ಕೂ ಪ್ರಯಾಣಿಕರು ದೊರೆಯುತ್ತಾರೆ. ಆದರೆ ಡಿಪೊ ಹಿಂದೆ ಬಿದ್ದು ಹಳಿ ಮುಂದೆ ಹೋದರೆ ಈ ಲಾಭವೆಲ್ಲ ಕೈತಪ್ಪುತ್ತದೆ.

ನೆಲದ ಮೇಲಿನ ಅಪಾಯ

ಹಳದಿ ಮಾರ್ಗಕ್ಕೆ ಇಲ್ಲದಿದ್ದ ಇನ್ನೊಂದು ಸವಾಲು ಉಪನಗರ ರೈಲಿಗಿದೆ. ಮೆಟ್ರೊ ಕಂಬದ ಮೇಲೆ ಓಡುತ್ತದೆ. ಉಪನಗರ ಮಾರ್ಗಗಳ ದೊಡ್ಡ ಪಾಲು ನೆಲಮಟ್ಟದಲ್ಲೇ, ಈಗಿರುವ ಹಳಿಗಳ ಪಕ್ಕದಲ್ಲೇ ಸಾಗುತ್ತದೆ. ಬಾಣಸವಾಡಿ, ಹೆಬ್ಬಾಳ, ಜಾಲಹಳ್ಳಿ ಸುತ್ತಮುತ್ತಲಿನ ಬಡಾವಣೆಗಳಲ್ಲಿ ಹಳಿ ದಾಟಿ ಅಂಗಡಿಗೆ, ಶಾಲೆಗೆ ಹೋಗುವುದು ಜನರಿಗೆ ರೂಢಿ. ಗಂಟೆಗೊಂದೆರಡು ರೈಲು ಬರುವ ಕಡೆ ನಡೆದುಹೋಗುವ ಆ ರೂಢಿ, ಕೆಲವೇ ನಿಮಿಷಗಳಿಗೊಂದು ರೈಲು ಸದ್ದಿಲ್ಲದೆ ಬಂದಾಗ ಪ್ರಾಣಾಂತಿಕವಾಗುತ್ತದೆ. ಬೇಲಿ, ಪಾದಚಾರಿ ಸೇತುವೆ, ಲೆವೆಲ್ ಕ್ರಾಸಿಂಗ್‌ಗಳ ಬದಲಿಗೆ ಕೆಳಸೇತುವೆ ಇವೆಲ್ಲ ಮೊದಲ ಪರೀಕ್ಷಾರ್ಥ ರೈಲು ಓಡುವ ಮುನ್ನವೇ ಮುಗಿಯಬೇಕು. ವಿದ್ಯುತ್ ತಂತಿಗೆ 25,000 ವೋಲ್ಟ್ ಹರಿಯುವ ದಿನವನ್ನು ಹಳಿಬದಿಯ ಪ್ರತಿ ಮನೆಗೂ ತಿಳಿಸಬೇಕು. ಪರೀಕ್ಷೆಯ ಅವಧಿ ಯಂತ್ರಗಳಿಗೆ ಎಷ್ಟು ಅಗತ್ಯವೋ ಹಳಿಬದಿಯ ಜನರಿಗೂ ಅಷ್ಟೇ ಅಗತ್ಯ.

ವೇಳಾಪಟ್ಟಿಯಿಲ್ಲದ ನಿಲ್ದಾಣ

ರೈಲೂ ಇದ್ದು, ಹಳಿಯೂ ಇದ್ದು, ಸೇವೆ ಸೋತ ಉದಾಹರಣೆಗೂ ಬೆಂಗಳೂರಿನಲ್ಲಿ ಕೊರತೆಯಿಲ್ಲ. 2021ರ ಜನವರಿ 4ರಂದು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಬಳಿಯ ಹಾಲ್ಟ್ ನಿಲ್ದಾಣಕ್ಕೆ ರೈಲು ಸಂಚಾರ ಆರಂಭವಾಯಿತು. ಟಿಕೆಟ್ ದರ ಟ್ಯಾಕ್ಸಿಯ ಮುಂದೆ ಚಿಲ್ಲರೆ ಕಾಸು. ಆದರೂ ಜನ ಬರಲಿಲ್ಲ. ದಿನಕ್ಕೆ ಬೆರಳೆಣಿಕೆಯ ರೈಲುಗಳು. ಅವುಗಳ ವೇಳೆ ವಿಮಾನಗಳಿಗೂ ಹೊಂದುತ್ತಿರಲಿಲ್ಲ, ಅಲ್ಲಿ ದುಡಿಯುವವರ ಪಾಳಿಗೂ ಹೊಂದುತ್ತಿರಲಿಲ್ಲ. ಹಾಲ್ಟ್‌ನಲ್ಲಿ ಇಳಿದ ಮೇಲೆ ಟರ್ಮಿನಲ್ ತಲುಪಲು ಬಸ್ಸು ಹಿಡಿಯಬೇಕಿತ್ತು. ಖಾಲಿ ಬೋಗಿಗಳನ್ನು ತೋರಿಸಿ ಜನರಿಗೆ ರೈಲು ಬೇಕಿಲ್ಲವೆಂದು ವಾದಿಸಿದವರೂ ಇದ್ದರು. ಜನರಿಗೆ ಬೇಡವಾಗಿದ್ದದ್ದು ಆ ವೇಳಾಪಟ್ಟಿ.

ಆದ್ದರಿಂದ ಸಂಚಾರದ ಸಿದ್ಧತೆಯಲ್ಲಿ ವೇಳಾಪಟ್ಟಿ, ದರ, ಬಸ್ ಸಂಪರ್ಕಗಳೂ ಸೇರಬೇಕು. ಯಶವಂತಪುರ, ಹೆಬ್ಬಾಳ, ನಾಗವಾರ, ಬೈಯಪ್ಪನಹಳ್ಳಿಗಳಲ್ಲಿ ಉಪನಗರ ರೈಲು ಮತ್ತು ಮೆಟ್ರೊ ಹತ್ತಿರ ಬರುತ್ತವೆ. ಒಂದರಿಂದಿಳಿದು ಇನ್ನೊಂದನ್ನು ಹತ್ತಲು ಛಾವಣಿಯಿರುವ ದಾರಿ, ಎರಡಕ್ಕೂ ನಡೆಯುವ ಒಂದೇ ಕಾರ್ಡು, ನಿಲ್ದಾಣದ ಬಾಗಿಲಲ್ಲಿ ಬಿಎಂಟಿಸಿ ಬಸ್ಸು ಇವಿಷ್ಟೂ ಉದ್ಘಾಟನೆಯ ದಿನವೇ ಇರಬೇಕು. ಮೊದಲ ವಾರ ಬಂದು ಬೇಸತ್ತು ಸ್ಕೂಟರಿಗೆ ಮರಳಿದ ಪ್ರಯಾಣಿಕನನ್ನು ಮತ್ತೆ ಕರೆತರುವುದು ಸುಲಭವಲ್ಲ. ರೈಲು ಓಡಿಸುವ ಹೊಣೆ ಯಾರದು, ನಷ್ಟವಾದರೆ ತುಂಬುವವರು ಯಾರು ಎಂಬುದೂ ಕೆ-ರೈಡ್, ನೈಋತ್ಯ ರೈಲ್ವೆ ಮತ್ತು ರಾಜ್ಯ ಸರ್ಕಾರದ ನಡುವೆ ಬಹಳ ಮೊದಲೇ ಇತ್ಯರ್ಥವಾಗಬೇಕು. ಕೊನೆಗಳಿಗೆಯಲ್ಲಿ ನೇಮಕವಾದ ಚಾಲಕನಿಗೆ ಮಾರ್ಗದ ಪರಿಚಯವಿರುವುದಿಲ್ಲ.

ಕೇಳಬೇಕಾದ ಲೆಕ್ಕ

ಉಪನಗರ ರೈಲಿನ ವೆಚ್ಚದ ಶೇ 60ರಷ್ಟು ಸಾಲದಿಂದ ಬರಬೇಕಿದೆ. ಹಳಿ ಖಾಲಿ ಬಿದ್ದಿದ್ದರೂ ಬಡ್ಡಿ ನಿಲ್ಲುವುದಿಲ್ಲ. ಟಿಕೆಟ್ ಆದಾಯ ಮಾತ್ರ ಶೂನ್ಯ. ಆ ಹೊರೆ ಹೊರುವವರು ಬೆಂಗಳೂರಿನವರಷ್ಟೇ ಅಲ್ಲ. ರಾಜ್ಯ ಸರ್ಕಾರದ ಪಾಲೆಂದರೆ ಬೀದರ್‌ನಿಂದ ಚಾಮರಾಜನಗರದವರೆಗಿನ ತೆರಿಗೆದಾರರ ಪಾಲು. ಅದಕ್ಕಿಂತ ದೊಡ್ಡ ನಷ್ಟ ಲೆಕ್ಕಪತ್ರದಲ್ಲಿ ಕಾಣಿಸುವುದೇ ಇಲ್ಲ. ರಸ್ತೆಯಲ್ಲಿ ದಿನಕ್ಕೆ ಎರಡು ಮೂರು ಗಂಟೆ ಕಳೆಯುವ ಗಾರ್ಮೆಂಟ್ಸ್ ಕಾರ್ಮಿಕರ, ಆಸ್ಪತ್ರೆ ಸಿಬ್ಬಂದಿಯ, ಕಚೇರಿ ನೌಕರರ ಆಯುಷ್ಯ ಅದು.

ಕೆ-ರೈಡ್ ಮತ್ತು ಸರ್ಕಾರಗಳು ಪ್ರಕಟಿಸುವ ಪ್ರಗತಿ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕಾಮಗಾರಿಯ ಶೇಕಡಾ ಪ್ರಮಾಣ. ಅದರ ಪಕ್ಕದಲ್ಲೇ ಇನ್ನೊಂದು ಪಟ್ಟಿ ಬೇಕು. ಬೋಗಿಗಳ ಒಪ್ಪಂದ, ಮಾದರಿ ರೈಲಿನ ಆಗಮನ, ಡಿಪೊ ಸಿದ್ಧವಾಗುವ ದಿನ, ಸಿಬ್ಬಂದಿ ನೇಮಕ, ಓಲಾಟದ ಪರೀಕ್ಷೆ, ಖಾಲಿ ರೈಲಿನ ಸಂಚಾರ, ಸುರಕ್ಷತಾ ಆಯುಕ್ತರ ಪರಿಶೀಲನೆ, ಹೀಗೆ ಪ್ರತಿಯೊಂದಕ್ಕೂ ದಿನಾಂಕ ಮತ್ತು ಹೊಣೆಗಾರರ ಹೆಸರು ನಮೂದಾಗಬೇಕು. ಒಂದು ತಪ್ಪಿದರೆ ಉಳಿದವು ಎಷ್ಟು ಹಿಂದಕ್ಕೆ ಸರಿಯುತ್ತವೆಂಬುದು ಆಗ ಯಾರಿಗಾದರೂ ಗೊತ್ತಾಗುತ್ತದೆ. ಇದಕ್ಕೆ ಹೆಚ್ಚಿನ ಹಣವೇನೂ ಬೇಕಿಲ್ಲ.

ಭೂಮಿ ಸಿಗದೆ ತಡವಾದರೆ ಅದಕ್ಕೆ ನ್ಯಾಯಾಲಯ, ಪರಿಹಾರ, ಇಲಾಖೆಗಳ ಹಗ್ಗಜಗ್ಗಾಟ ಎಂಬ ಸಬೂಬುಗಳಿರುತ್ತವೆ. ಹಳಿ ಸಿದ್ಧವಾಗಿ, ರೈಲಿಲ್ಲದೆ ತಡವಾದರೆ ಯಾವ ಸಬೂಬಿಗೂ ಎಡೆಯಿಲ್ಲ. ಹಳದಿ ಮಾರ್ಗದಲ್ಲಿ ಏನಾಯಿತೆಂದು ಈಗ ಎಲ್ಲರಿಗೂ ತಿಳಿದಿದೆ. ಮಲ್ಲಿಗೆಯ ಕೊನೆಯ ಸ್ಲೀಪರ್ ಬೀಳುವ ದಿನ ಸೋಲದೇವನಹಳ್ಳಿ ಡಿಪೊದಲ್ಲಿ ಪರೀಕ್ಷೆ ಮುಗಿಸಿದ ರೈಲು ನಿಂತಿರಬೇಕು. ಅದು ಸಾಧ್ಯವಾಗುವುದೂ ಬಿಡುವುದೂ ಆ ಸ್ಲೀಪರ್‌ಗಿಂತ ಮೂರೂವರೆ ವರ್ಷ ಮೊದಲೇ ಬೀಳಬೇಕಾದ ಒಂದು ಸಹಿಯನ್ನು ಅವಲಂಬಿಸಿದೆ.